ಇಂಪ್ರೊವೈಸೇಷನ್ ದೃಶ್ಯಗಳನ್ನು ಮಕ್ಕಳಿಗೆ ಹೇಳಿಕೊಡೋದು ಹೇಗೆ?

ಹಾಸನದ ರಂಗಾಸಕ್ತ:

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಹಾಸನದಲ್ಲಿ, ಮಹಾರಾಜ ಪಾರ್ಕ್ ಹತ್ತಿರದ ಒಂದು ಹಾಲ್‌ನಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ. ಒಟ್ಟು 14 ಮಕ್ಕಳು. ಎಂಟನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ಇದ್ದಾರೆ. ಬರೆದ ನಾಟಕ ಕೊಟ್ಟರೆ ಚೆನ್ನಾಗಿ ಮಾಡುತ್ತಾರೆ. ಮಾತು ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಎಲ್ಲಿ ನಿಲ್ಲು ಅಂದರೆ ಅಲ್ಲೇ ನಿಲ್ಲುತ್ತಾರೆ. ಎರಡು ತಿಂಗಳಿಂದ ಬರೆದ ಮಾತಿಲ್ಲದೆ ಅಲ್ಲಲ್ಲೇ ಹುಟ್ಟಿಸಿಕೊಂಡು ಆಡುವ ದೃಶ್ಯಗಳನ್ನು ಶುರು ಮಾಡಿದ್ದೇನೆ. ಅಲ್ಲಿ ಎಲ್ಲವೂ ಕೈಕೊಡುತ್ತಿದೆ.

ಹೋದ ತಿಂಗಳು ಹಾಸನಾಂಬೆ ದರ್ಶನದ ಸಾಲು ಅಂತ ಸನ್ನಿವೇಶ ಕೊಟ್ಟೆ. ವರ್ಷಕ್ಕೊಂದು ಸಲ ದೀಪಾವಳಿ ಹೊತ್ತಿಗೆ ಬಾಗಿಲು ತೆಗೆಯುವ ದೇವಸ್ಥಾನ, ಈ ಊರಿನ ಮಕ್ಕಳೆಲ್ಲ ಆ ಸಾಲಿನಲ್ಲಿ ಕಾಲು ನೋಯುವಷ್ಟು ಹೊತ್ತು ನಿಂತವರೇ, ಹಾಗಾಗಿ ಮಾತು ತಾನಾಗೇ ಬರುತ್ತದೆ ಅಂದುಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ತಲೆ ಮೇಲೆ ಹೂವಿನ ಬುಟ್ಟಿ ಹೊತ್ತವನ ಹಾಗೆ ಕತ್ತು ಗಟ್ಟಿ ಮಾಡಿಕೊಂಡು, ಒಂದು ಕೈ ಮೇಲೆತ್ತಿ ಹಿಡಿದು, ಸಾಲಿನ ಪಕ್ಕದಲ್ಲಿ ನಡೆದು ಬಂದ. 'ಅಕ್ಕಾ, ಸೇವಂತಿಗೆ ತಗೊಳ್ಳಿ, ಈಗ ಕಟ್ಟಿದ್ದು' ಅಂದ. ಸಾಲಿನಲ್ಲಿದ್ದ ಹುಡುಗಿ 'ಎಲ್ಲೋ ಹೂವು? ನಿನ್ನ ಹತ್ರ ಏನೂ ಇಲ್ವಲ್ಲೋ' ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಡುಗನ ಕೈ ನಿಧಾನಕ್ಕೆ ಕೆಳಗಿಳಿಯಿತು. ದೃಶ್ಯ ಅಲ್ಲಿಗೆ ಸತ್ತುಹೋಯಿತು. ಮುಂದಿನ ವಾರ ಅವನು ಕ್ಲಾಸಿಗೆ ಬಂದ, ಆದರೆ ಕರೆದಾಗ ಎದ್ದು ಬರಲಿಲ್ಲ. ಅದು ನನ್ನನ್ನು ಇನ್ನೂ ಚುಚ್ಚುತ್ತಿದೆ.

ಉಳಿದ ದೃಶ್ಯಗಳ ಕಥೆಯೂ ಇಷ್ಟೇ. ಒಂದೋ ಎರಡನೇ ನಿಮಿಷಕ್ಕೆ ಜಗಳ, ಇಲ್ಲವೇ ಟಿವಿ ಕಾಮಿಡಿಯಲ್ಲಿ ಕೇಳಿದ ಪಂಚ್ ಡೈಲಾಗ್. ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳುವುದೇ ಇಲ್ಲ, ತನ್ನ ಸರದಿ ಯಾವಾಗ ಅಂತ ಕಾಯುತ್ತಿರುತ್ತಾರೆ. ನಾನು ಹೊರಗೆ ಕೂತು 'ಹಾಗಲ್ಲ, ಹೀಗೆ' ಅಂತ ಕೂಗುತ್ತೇನೆ. ಅದರಿಂದ ಇನ್ನೂ ಕೆಡುತ್ತಿದೆ ಅಂತ ನನಗೇ ಅನ್ನಿಸಿದೆ.

ನಾನು ಕೇಳಬೇಕಾಗಿರುವುದು ಇಷ್ಟು. ಕೇಳಿಸಿಕೊಳ್ಳುವುದನ್ನು ಕಲಿಸುವುದು ಹೇಗೆ? ಮೊದಲೇ ಗೊತ್ತಿಲ್ಲದ ದೃಶ್ಯಕ್ಕೆ ತಾಲೀಮು ಅನ್ನುವುದು ಇದೆಯಾ, ಇದ್ದರೆ ಏನನ್ನು ತಾಲೀಮು ಮಾಡಬೇಕು? ಮತ್ತೆ ಇಂಥ ದೃಶ್ಯವನ್ನು ಎಲ್ಲಿ ನಿಲ್ಲಿಸಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಸವನಹಳ್ಳಿ ಅಕ್ಕ:

ಸರ್, ನಾನು ಚಿಕ್ಕಮಗಳೂರಿನವಳು. ಆರು ವರ್ಷದಿಂದ ಮಕ್ಕಳ ಜೊತೆ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಆ ಹುಡುಗಿ ಬಗ್ಗೆ ಹೇಳಿಬಿಡುತ್ತೇನೆ. ಅವಳು ತಪ್ಪು ಮಾಡಲಿಲ್ಲ. ಕಣ್ಣಿಗೆ ಕಂಡಿದ್ದನ್ನು ಹೇಳಿದಳು. ಬುಟ್ಟಿ ಅವಳಿಗೆ ಕಾಣಲಿಲ್ಲ, ಯಾಕೆಂದರೆ ಇಲ್ಲದ ವಸ್ತುವನ್ನು ನೋಡುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅವಳನ್ನು ಬೈದಿದ್ದರೆ ಈಗಲೇ ಸಮಾಧಾನ ಮಾಡಿ.

ಒಂದು ತಿಂಗಳು ಮಾತನ್ನೇ ತೆಗೆದುಹಾಕಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಲೂ ತೆಗೆದುಹಾಕಿ. ನಾನು ಶುರು ಮಾಡುವುದು ಒಂದು ಲೋಟ ಕಾಫಿಯಿಂದ. ಎಲ್ಲರೂ ಸುತ್ತ ಕೂರುತ್ತಾರೆ. ಅಂಚಿನವರೆಗೆ ತುಂಬಿದ ಬಿಸಿಬಿಸಿ ಸ್ಟೀಲ್ ಲೋಟ ಒಂದು ಇದೆ ಅಂತ ಇಟ್ಟುಕೊಂಡು ಅದನ್ನು ಕೈಯಿಂದ ಕೈಗೆ ದಾಟಿಸಬೇಕು. ಲೋಟದ ಗಾತ್ರ ಬದಲಾಗಬಾರದು, ಬಿಸಿ ಕಡಿಮೆ ಆಗಬಾರದು, ತುಳುಕಬಾರದು. ಒಂದು ಸಲ ಮೊದಲ ಮೂವರು ಅದನ್ನು ಕಾಗದ ಕೊಟ್ಟ ಹಾಗೆ ಕೊಟ್ಟರು. ನಾಲ್ಕನೆಯವಳು, ಎಸ್ಟೇಟ್ ಕಡೆಯ ಹುಡುಗಿ, ದುಪಟ್ಟಾದ ತುದಿಯನ್ನು ಎಳೆದು ಮಡಚಿ ಅದರಲ್ಲಿ ಲೋಟ ಹಿಡಿದಳು. ಅಷ್ಟೇ ಸಾಕಾಯಿತು. ಅವಳಾದ ಮೇಲೆ ಒಬ್ಬ ಅಂಗಿಯ ಚುಂಗಿನಲ್ಲಿ ಹಿಡಿದ, ಇನ್ನೊಬ್ಬಳು ಎರಡು ಬೆರಳಲ್ಲಿ ಬರೀ ಅಂಚು ಹಿಡಿದು ಬೇಗ ದಾಟಿಸಿ ಬೆರಳನ್ನು ಕಿವಿಗೆ ಒತ್ತಿಕೊಂಡಳು. ಆ ಲೋಟ ಅಲ್ಲಿ ಇತ್ತು ಸರ್. ಎಲ್ಲರಿಗೂ ಕಾಣುತ್ತಿತ್ತು. ಈ ಆಟ ಆಡಿದ ಮಕ್ಕಳು 'ಎಲ್ಲೋ ಹೂವು' ಅನ್ನುವುದಿಲ್ಲ.

ಇಂಥ ಆಟಗಳ ಬೇರು ಷಿಕಾಗೋದ ವಯೋಲಾ ಸ್ಪೋಲಿನ್ ಅವರ ಕೆಲಸದಲ್ಲಿದೆ. 1906ರಲ್ಲಿ ಹುಟ್ಟಿದವರು. ವಲಸೆ ಬಂದವರ ಮಕ್ಕಳ ಜೊತೆ ಕೆಲಸ ಮಾಡುವಾಗ, ಉಪನ್ಯಾಸ ಕೊಟ್ಟು ಕಲಿಸಲಾಗದ್ದನ್ನು ಆಟ ಆಡಿಸಿ ಕಲಿಸಬಹುದು ಅಂತ ಕಂಡುಕೊಂಡರು. ಆ ಆಟಗಳನ್ನೆಲ್ಲ ಸೇರಿಸಿದ ಅವರ ಪುಸ್ತಕ 1963ರಲ್ಲಿ ಬಂತು. 1959ರಲ್ಲಿ ಅವರ ಮಗ ಪಾಲ್ ಸಿಲ್ಸ್ ಗೆಳೆಯರ ಜೊತೆ ಸೆಕೆಂಡ್ ಸಿಟಿ ತಂಡ ಕಟ್ಟಿದಾಗ ಅಲ್ಲಿನ ನಟರು ಅಭ್ಯಾಸ ಮಾಡಿದ್ದೂ ಈ ಆಟಗಳನ್ನೇ. ಸ್ಪೋಲಿನ್ ಕೇಳುತ್ತಿದ್ದದ್ದು ಮೂರೇ: ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ. ನಿಮ್ಮ ಹಾಸನಾಂಬೆ ಸಾಲಿನಲ್ಲಿ ಎಲ್ಲಿ ಅನ್ನುವುದು ಚೆನ್ನಾಗಿತ್ತು, ಉಳಿದ ಎರಡು ಇರಲಿಲ್ಲ. ಸಾಲಿನಲ್ಲಿ ಅತ್ತೆ ಸೊಸೆ ನಿಂತಿದ್ದಾರೆ, ಸೊಸೆ ಮಗುವಿಗೆ ಚಪ್ಪಲಿ ಹಾಕುತ್ತಿದ್ದಾಳೆ, ಮಗು ಕಾಲು ಕೊಡುತ್ತಿಲ್ಲ. ಇಷ್ಟು ಕೊಟ್ಟು ನೋಡಿ. ಕೈಗೆ ಕೆಲಸ ಇದ್ದರೆ ಬಾಯಿ ಪಂಚ್ ಡೈಲಾಗ್ ಹುಡುಕುವುದಿಲ್ಲ.

ನೀವು ಹೊರಗಿನಿಂದ ಮಾತಾಡುವುದು ತಪ್ಪಲ್ಲ, ಸ್ಪೋಲಿನ್ ಅವರೂ ಮಾತಾಡುತ್ತಿದ್ದರು. ಆದರೆ ದೃಶ್ಯ ನಿಲ್ಲಿಸದ ಹಾಗೆ, ಒಂದೊಂದೇ ಮಾತು. 'ಕೈ ನೋಡು.' 'ಬಿಸಿ ಇದೆ.' 'ಅವಳು ಏನಂದಳು ಕೇಳು.' ಹೀಗೆ. 'ಹಾಗಲ್ಲ' ಅಂದರೆ ಮಗು ಆಟದಿಂದ ಹೊರಗೆ ಬಂದು ನಿಮ್ಮ ಮುಖ ನೋಡುತ್ತದೆ.

ಮಾತು ಶುರು ಮಾಡುವಾಗ ನಾನು ಆಡಿಸುವುದು 'ಹೂಂ, ಅದಕ್ಕೇ' ಅನ್ನುವ ಆಟ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟಬೇಕಿತ್ತಲ್ವಾ? ಹೂಂ ಅನ್ನುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು. ಅದೇ ಇದು. ಒಬ್ಬ 'ಮಳೆ ಜೋರಾಗಿದೆ' ಅನ್ನುತ್ತಾನೆ. 'ಹೂಂ, ಅದಕ್ಕೇ ಕರೆಂಟ್ ಹೋಗಿದೆ.' 'ಹೂಂ, ಅದಕ್ಕೇ ಅಜ್ಜ ಲಾಟೀನು ಹುಡುಕೋಕೆ ಅಟ್ಟ ಹತ್ತಿದಾರೆ.' 'ಹೂಂ, ಅದಕ್ಕೇ ಮೇಲಿಂದ ಹಳೇ ಕಾಗದ ಎಲ್ಲ ಬೀಳ್ತಾ ಇವೆ.' ನಾಲ್ಕು ಮಾತಿಗೆ ಒಂದು ಮನೆ ಎದ್ದು ನಿಂತಿತು, ಅದರಲ್ಲೊಬ್ಬ ಅಜ್ಜ, ಯಾವುದೋ ಹಳೇ ಕಾಗದ. ಮುಂಚೆ ಹೇಳಿದವನ ಮಾತು ಕೇಳಿಸಿಕೊಳ್ಳದೆ ಈ ಆಟ ಆಡಲು ಆಗುವುದೇ ಇಲ್ಲ. ಇನ್ನೊಂದು, ಮೊದಮೊದಲು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. 'ನೀನ್ಯಾರು, ಇದೇನು' ಅಂತ ಕೇಳುವವನು ಕಟ್ಟುವ ಭಾರವನ್ನೆಲ್ಲ ಎದುರಿನವನ ಮೇಲೆ ಹಾಕುತ್ತಾನೆ.

ಕೊಪ್ಪದ ಮೇಷ್ಟ್ರು:

ಮೇಡಂ ಚೆನ್ನಾಗಿ ಹೇಳಿದ್ದಾರೆ. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳುವವನು, ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಈ ಆಶುಮಾತಿನ ವಿದ್ಯೆ ನಮ್ಮ ಕಡೆ ಜಗುಲಿ ಜಗುಲಿಯಲ್ಲಿ ಇದೆ. ವೇಷ ಇಲ್ಲ, ಕುಣಿತ ಇಲ್ಲ, ಎದುರುಬದುರು ಕೂತು ಮಾತು ಮಾತ್ರ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಬರೆದಿರುವುದು ಆ ಪದ್ಯ ಅಷ್ಟೇ. ಆಮೇಲೆ ಅರ್ಥಧಾರಿ ಆಡುವ ಮಾತೆಲ್ಲ ಆ ಹೊತ್ತಿಗೆ ಹುಟ್ಟಿದ್ದು, ನಾಳೆ ಇನ್ನೊಂದು ಊರಲ್ಲಿ ಅದೇ ಪದ್ಯಕ್ಕೆ ಬೇರೆ ಮಾತು ಬರುತ್ತದೆ.

ವಾಲಿಯ ಪ್ರಸಂಗ ತಗೊಳ್ಳಿ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಆದರೂ ಬಾಣ ನೆಟ್ಟುಕೊಂಡು ಬಿದ್ದ ವಾಲಿ 'ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ' ಅಂತ ಶುರು ಮಾಡಿದರೆ ರಾಮನ ಪಾತ್ರದವನು ಬೆವರುತ್ತಾನೆ. ವಾಲಿ ಇವತ್ತು ಯಾವ ಕಡೆಯಿಂದ ಕೇಳುತ್ತಾನೆ ಅಂತ ಅವನಿಗೆ ಗೊತ್ತಿರುವುದಿಲ್ಲ. ಒಂದು ಗಂಟೆ ವಾದ ನಡೆದರೂ ಒಬ್ಬರೂ ಎದ್ದು ಹೋಗುವುದಿಲ್ಲ. ಅದಕ್ಕೇ ಹೇಳುವುದು, ಜಗಳ ಬಂತು ಅಂತ ಹೆದರಬೇಡಿ ಸರ್. ಪಾತ್ರ 'ಒಪ್ಪುವುದಿಲ್ಲ' ಅನ್ನಬಹುದು. ನಟ ಹಾಗೆ ಅನ್ನಬಾರದು. ರಾಮ ವಾಲಿಯ ಮಾತನ್ನು ಖಂಡಿಸಬಹುದು, ಆದರೆ ವಾಲಿಯ ಎದೆಯಲ್ಲಿ ಬಾಣವೇ ಇಲ್ಲ ಅಂದರೆ ಪ್ರಸಂಗ ಅಲ್ಲೇ ಮುಗಿಯಿತು. ನಿಮ್ಮ ಹುಡುಗಿ ಅಂದದ್ದು ಅದನ್ನೇ. ಅವಳು 'ಬಾಡಿಹೋಗಿರೋ ಹೂವನ್ನ ಈಗ ಕಟ್ಟಿದ್ದು ಅಂತೀಯಲ್ಲೋ' ಅಂದಿದ್ದರೆ ಅದೂ ಜಗಳವೇ, ಆದರೆ ಹೂವು ಉಳಿಯುತ್ತಿತ್ತು.

ಹಾಗಾಗಿ ನಿಮ್ಮ ಮಕ್ಕಳಿಗೆ ಜಗಳ ಆಡಲು ಬಿಡಿ, ಒಂದು ಕಟ್ಟು ಹಾಕಿ. ಎದುರಿನವನ ಮಾತಿನ ಕೊನೆಯ ತುಂಡನ್ನು ಎತ್ತಿಕೊಂಡೇ ತನ್ನ ಮಾತು ಶುರು ಮಾಡಬೇಕು. 'ಮರೆಯಲ್ಲಿ ನಿಂತೆ ಅಂದೆ. ಹೌದು, ನಿಂತೆ. ಯಾಕೆ ನಿಂತೆ ಕೇಳು.' ನಾನು ಕಲಿಯುವಾಗ ಹಿರಿಯರೊಬ್ಬರು ಇದೊಂದನ್ನೇ ಮೂರು ತಿಂಗಳು ಮಾಡಿಸಿದ್ದರು. ಮತ್ತೆ ತನ್ನ ಮಾತನ್ನು ಎದುರಿನವನು ಹಿಡಿದುಕೊಳ್ಳುವಂಥ ಜಾಗದಲ್ಲಿ ಬಿಡಬೇಕು. ಎಲ್ಲ ಬಾಗಿಲು ಹಾಕಿಕೊಂಡು ಮಾತಾಡುವವನು ಎಷ್ಟೇ ಪಂಡಿತನಾದರೂ ಅವನ ಎದುರು ಕೂರಲು ಯಾರಿಗೂ ಇಷ್ಟ ಇಲ್ಲ.

ತಾಲೀಮು ಇದೆಯಾ ಅಂದಿರಿ. ಇದೆ. ನಾವು ಮಾತನ್ನು ಬಾಯಿಪಾಠ ಮಾಡುವುದಿಲ್ಲ, ಪ್ರಸಂಗದ ನಡೆ ತಿಳಿದುಕೊಳ್ಳುತ್ತೇವೆ. ಪಾತ್ರ ಯಾರ ಮಗ, ಯಾರ ಮೇಲೆ ಸಿಟ್ಟು, ಹೋದ ಸಲ ಈ ಇಬ್ಬರು ಭೇಟಿಯಾದಾಗ ಏನಾಗಿತ್ತು, ಇದನ್ನೆಲ್ಲ ಓದಿ, ಕೇಳಿ, ತುಂಬಿಕೊಂಡು ಹೋಗುತ್ತೇವೆ. ಹೊಟ್ಟೆಯಲ್ಲಿ ಇದ್ದರೆ ಬಾಯಿಗೆ ಬರುತ್ತದೆ.

ಹಾಸನದ ಬಯಲುಸೀಮೆ ಕಡೆ ಮೂಡಲಪಾಯ ಯಕ್ಷಗಾನ ಇದೆಯಲ್ಲ, ಅದನ್ನೂ ನೋಡಿ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ಅನ್ನುವವನು ನೀನು ಯಾರು, ಯಾವ ಊರು, ಯಾಕೆ ಬಂದೆ ಅಂತ ಕೇಳಿ ಮಾತಾಡಿಸುತ್ತಾನೆ. ಮೇಡಂ ಹೇಳಿದ ಮೂರು ಪ್ರಶ್ನೆಗಳಿಗೂ ಇದಕ್ಕೂ ದೂರ ಇಲ್ಲ. ನಿಮ್ಮ ಕ್ಲಾಸಿನಲ್ಲೂ ಒಂದು ಮಗುವನ್ನು ಸಾರಥಿ ಮಾಡಿ, ಬಂದವರನ್ನೆಲ್ಲ ಮಾತಾಡಿಸಲಿ.

ಅರಸೀಕೆರೆಯವಳು:

ಇಲ್ಲಿ ಯಾರೂ ಹೇಳದ ಒಂದು ಮಾತು ಹೇಳಬೇಕು. ಪಿಯುಸಿ ಮುಗಿಸಿದ ರಜೆಯಲ್ಲಿ ನಾನೊಂದು ನಾಟಕ ಶಿಬಿರಕ್ಕೆ ಹೋಗಿದ್ದೆ. ಎಲ್ಲಿ, ಯಾರು ನಡೆಸಿದ್ದು ಅಂತ ಬರೆಯುವುದಿಲ್ಲ. ಅಲ್ಲಿ ದೀಪ ಆರಿಸಿ ಕೂರಿಸಿ, ನಿಮ್ಮ ಮನೆಯಲ್ಲಿ ನಡೆದ ಅತಿ ದುಃಖದ ಘಟನೆ ನೆನಪು ಮಾಡಿಕೊಳ್ಳಿ, ಈಗ ಅದನ್ನೇ ಆಡಿ ಅಂದರು. ನಾನು ಅಮ್ಮನ ಆಸ್ಪತ್ರೆ ದಿನಗಳನ್ನು ಆಡಿದೆ. ನಿಲ್ಲಿಸಲು ಗೊತ್ತಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ತುಂಬಾ ಸಹಜವಾಗಿ ಬಂತು ಅಂದರು. ಆಮೇಲೆ ಎಷ್ಟೋ ದಿನ ನನಗೆ ನಿದ್ದೆ ಬರಲಿಲ್ಲ. ಮತ್ತೆ ರಂಗಕ್ಕೆ ಹತ್ತಲು ಐದು ವರ್ಷ ಬೇಕಾಯಿತು.

ಸರ್, ನಿಮ್ಮ ಹತ್ತಿರ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳೂ ಇದ್ದಾರೆ. ಯಾವ ಮಗು ಯಾವಾಗ 'ಸಾಕು' ಅಂದರೂ ದೃಶ್ಯ ನಿಲ್ಲಬೇಕು, ಯಾಕೆ ಅಂತ ಯಾರೂ ಕೇಳಬಾರದು. ಮನೆಯ ದುಃಖವನ್ನು ವಿಷಯವಾಗಿ ಕೊಡಬೇಡಿ. ತಾವಾಗಿ ತಂದರೆ ತರಲಿ. ಮೈ ಮುಟ್ಟುವ, ಹೊಡೆಯುವ ದೃಶ್ಯ ಇದ್ದರೆ ಮೊದಲೇ ಇಬ್ಬರೂ ಮಾತಾಡಿಕೊಳ್ಳಲಿ. ಬುಟ್ಟಿಯ ಹುಡುಗನನ್ನು ಬಲವಂತವಾಗಿ ಎಬ್ಬಿಸಬೇಡಿ. ಅವನು ಕ್ಲಾಸಿಗೆ ಬರುತ್ತಿದ್ದಾನಲ್ಲ, ಅದು ದೊಡ್ಡದು.

ಇನ್ನೊಂದು ಗಮನಿಸಿ. ಬರೆದ ಮಾತು ಇಲ್ಲದಾಗ ಹುಡುಗಿಯರೆಲ್ಲ ತಾವಾಗೇ ಅಮ್ಮ, ಹೆಂಡತಿ, ಕಾಫಿ ತರುವವಳು ಆಗಿಬಿಡುತ್ತಾರೆ, ಯಜಮಾನಿಕೆ ಹುಡುಗರದ್ದು. ಇದನ್ನು ಮುರಿಯಲು ನಾನು ಈಗ ಇಸ್ಪೀಟ್ ಎಲೆ ಬಳಸುತ್ತೇನೆ. ಎಲೆ ನೋಡಿಕೊಳ್ಳದೆ ಹಣೆಗೆ ಹಿಡಿದುಕೊಳ್ಳಬೇಕು. ತನ್ನದು ರಾಜನೋ ಎರಡೋ ತನಗೆ ಗೊತ್ತಿಲ್ಲ, ಉಳಿದವರು ಅದಕ್ಕೆ ತಕ್ಕ ಹಾಗೆ ನಡೆಸಿಕೊಳ್ಳುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತರುವ ದೃಶ್ಯ ಕೊಡಿ. ನಾನು ಆಡಿಸಿದಾಗ, ಎಂಟನೇ ಕ್ಲಾಸಿನ ಸಣ್ಣ ಹುಡುಗಿಯ ಹಣೆಯಲ್ಲಿ ರಾಜ ಇದ್ದಾಗ ದೊಡ್ಡ ಹುಡುಗರೆಲ್ಲ ಕುರ್ಚಿ ಬಿಟ್ಟು ಎದ್ದರು, ಅವಳ ಬೆನ್ನು ತಾನಾಗೇ ನೆಟ್ಟಗಾಯಿತು. ಮಾತಿಗಿಂತ ಮೊದಲೇ ಮೈ ಮೇಲು ಕೀಳು ತೋರಿಸುತ್ತದೆ ಅನ್ನುವುದನ್ನು ಇಂಪ್ರೊ ಕಲಿಸುವವರಿಗೆ ಹಿಡಿದು ತೋರಿಸಿದವರು ಕೀತ್ ಜಾನ್‌ಸ್ಟನ್. ಲಂಡನ್ನಿನಲ್ಲಿ ಕೆಲಸ ಮಾಡಿ ಆಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದವರು, 2023ರಲ್ಲಿ ತೀರಿಕೊಂಡರು. ಹೊಸದೇನೋ ಹೇಳಬೇಕು ಅಂತ ಒದ್ದಾಡಬೇಡಿ, ಮೊದಲು ಹೊಳೆದ ಸಾಮಾನ್ಯ ಮಾತನ್ನೇ ಆಡಿ ಅನ್ನುವುದನ್ನೂ ಅವರು ಒತ್ತಿ ಹೇಳುತ್ತಿದ್ದರು. ನಿಮ್ಮ ಪಂಚ್ ಡೈಲಾಗ್ ಮಕ್ಕಳಿಗೆ ಅದನ್ನು ಹೇಳಿ.

ಬಸವನಹಳ್ಳಿ ಅಕ್ಕ:

ಅರಸೀಕೆರೆಯವರೇ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. 'ಸಾಕು' ಅನ್ನುವ ನಿಯಮ ನನ್ನ ಕ್ಲಾಸಿನಲ್ಲಿ ಇರಲಿಲ್ಲ. ಈ ಶನಿವಾರದಿಂದ ಇರುತ್ತದೆ. ಮೇಷ್ಟ್ರೇ, ಪಾತ್ರ ಬೇರೆ ನಟ ಬೇರೆ ಅಂದಿದ್ದನ್ನು ಒಪ್ಪಿದೆ. 'ಹೂಂ, ಅದಕ್ಕೇ' ಆಟದಲ್ಲಿ ನನ್ನ ಮಕ್ಕಳು ಜಾಸ್ತಿ ದಿನ ಇದ್ದುಬಿಟ್ಟರು, ಈಗ ದೃಶ್ಯದಲ್ಲೂ ಎಲ್ಲದಕ್ಕೂ ತಲೆ ಆಡಿಸುತ್ತಾರೆ. ಕೊನೆಯ ತುಂಡು ಎತ್ತಿಕೊಳ್ಳುವುದನ್ನು ಮಾಡಿಸಿ ನೋಡುತ್ತೇನೆ.

ಹಾಸನದ ರಂಗಾಸಕ್ತ:

ಐದು ಭಾನುವಾರ ಆಯಿತು. ಏನಾಯಿತು ಅಂತ ಬರೆಯದಿದ್ದರೆ ತಪ್ಪಾಗುತ್ತದೆ.

ಹುಡುಗಿಯ ಹತ್ತಿರ ಮೊದಲ ವಾರವೇ ಮಾತಾಡಿದೆ. ಹೌದು, ನಾನು ಅವತ್ತು ಬೈದಿದ್ದೆ. ಕ್ಷಮಿಸು ಅಂದೆ. 'ಸಾಕು' ನಿಯಮ ಹೇಳಿದೆ, ಇಬ್ಬರು ಬಳಸಿದರು, ಏನೂ ಕೇಳಲಿಲ್ಲ. ನಾಲ್ಕು ವಾರ ಮಾತಿಲ್ಲದೆ ಲೋಟ, ಬಿಂದಿಗೆ, ಸೈಕಲ್, ಹಗ್ಗ ಇಷ್ಟೇ ಆಡಿದೆವು. ಬುಟ್ಟಿಯ ಹುಡುಗ ಸುತ್ತ ಕೂತು ಆಡುವ ಆಟಕ್ಕೆ ಸೇರುತ್ತಿದ್ದ. ಮುಂದೆ ಬಂದು ನಿಲ್ಲುತ್ತಿರಲಿಲ್ಲ.

ಮೊನ್ನೆ ಭಾನುವಾರ, ಯಾರಾದರೂ ಬಂದು ಮನೆಯಲ್ಲಿ ಮಾಡುವ ಒಂದು ಕೆಲಸ ಮಾಡಿ, ಇಷ್ಟ ಇದ್ದವರು ಸೇರಿಕೊಳ್ಳಿ ಅಂದೆ. ದುದ್ದ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿ, ಇಷ್ಟು ದಿನ ಹೆಚ್ಚು ಬಾಯಿ ಬಿಡದವಳು, ನಡುವೆ ಬಂದು ಕುಕ್ಕರಗಾಲಲ್ಲಿ ಕೂತಳು. ಎಡಗೈಯಲ್ಲಿ ಏನನ್ನೋ ಎತ್ತಿಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ಬಲಗೈಯಲ್ಲಿ ಕತ್ತರಿಸಿ, ತುಂಡುಗಳನ್ನು ಪಕ್ಕಕ್ಕೆ ಇಟ್ಟಳು. ಮತ್ತೆ ಒಂದು. ಮೂರನೆಯದನ್ನು ಮೂಸಿ ನೋಡಿ ಮುಖ ಹಿಂಡಿ ಹಿಂದಕ್ಕೆ ಎಸೆದಳು, ಚಾಕುವನ್ನು ಬಟ್ಟೆಗೆ ಒರೆಸಿದಳು. ಬಿತ್ತನೆ ಆಲೂಗಡ್ಡೆ. ತುಂಡಿಗೊಂದಾದರೂ ಕಣ್ಣು, ಅಂದರೆ ಮೊಳಕೆ ಒಡೆಯುವ ಜಾಗ, ಇರಬೇಕಲ್ಲ, ಅದನ್ನು ನೋಡುತ್ತಿದ್ದಳು. ಒಂದು ನಿಮಿಷ ಹಾಲ್‌ನಲ್ಲಿ ಯಾರೂ ಉಸಿರು ಎತ್ತಲಿಲ್ಲ.

ಆಗ ಬುಟ್ಟಿಯ ಹುಡುಗ ಎದ್ದ. ನಾನು ಕರೆದಿರಲಿಲ್ಲ. ಬಾಗಿಲ ಹತ್ತಿರ ಹೋಗಿ ಬಗ್ಗಿ ಒಂದು ಮೂಟೆಯನ್ನು ಬೆನ್ನಿಗೆ ಏರಿಸಿಕೊಂಡು, ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡೇ ನಡೆದು ಬಂದು, ಅವಳ ಪಕ್ಕ ಇಳಿಸಿ ಸೊಂಟ ಹಿಡಿದುಕೊಂಡ. ಅವಳು ತಲೆ ಎತ್ತದೆ 'ಅಪ್ಪಾ, ಈ ಜಲಂಧರದ ಮೂಟೆ ಅರ್ಧ ಕೊಳೆತೈತೆ' ಅಂದಳು.

'ಹೂಂ, ಅದಕ್ಕೇ ಕಮ್ಮಿಗೆ ಕೊಟ್ಟ.'

'ಕಮ್ಮಿಗೆ ಕೊಟ್ಟ ಅಂತ ತಂದ್ಬಿಟ್ಯಾ. ಹೋದ ವರ್ಷ ಅಂಗಮಾರಿ ಬಂದು ಹೊಲ ಎಲ್ಲ ಕಪ್ಪಾಯ್ತು. ಈ ಸಲ ಜೋಳ ಹಾಕಣ ಅಂದೆ, ನೀನು ಕೇಳ್ಲಿಲ್ಲ.'

ಅವನು ಉತ್ತರ ಕೊಡಲಿಲ್ಲ. ಕೂತ. ಮೂಟೆ ಬಿಚ್ಚಿ ಒಂದು ಗಡ್ಡೆ ತೆಗೆದ, ಹೆಬ್ಬೆರಳಲ್ಲಿ ಮಣ್ಣು ಉಜ್ಜಿದ, ಅವಳ ಮುಂದೆ ಹಿಡಿದ. 'ಇದಕ್ಕೆ ಮೂರು ಕಣ್ಣೈತೆ ನೋಡು' ಅಂದ. ಅವಳು ಅದನ್ನು ತೆಗೆದುಕೊಂಡು ಮೂರು ತುಂಡು ಮಾಡಿ, ಬೇರೆಯದರ ಜೊತೆ ಹಾಕದೆ ಪ್ರತ್ಯೇಕ ಇಟ್ಟಳು.

ಮೊದಲು 'ಎಲ್ಲೋ ಹೂವು' ಅಂದಿದ್ದಳಲ್ಲ, ಅವಳು ಎದುರಿಗೇ ನೆಲದ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದಳು. ಹುಡುಗ ಎದ್ದು ಮೂಟೆಯನ್ನು ಆ ಕಡೆಗೆ ಎಳೆದಾಗ ಅವಳು ಕಾಲು ಮಡಚಿಕೊಂಡಳು, ಮೂಟೆಗೆ ಜಾಗ ಬಿಡಲು.

ಅದು ಆ ಹುಡುಗಿಯ ಮನೆಯ ಕಥೆಯಾ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಗಿದ ಮೇಲೆ ಇಬ್ಬರೂ ನಗುತ್ತಾ ನೀರು ಕುಡಿಯಲು ಹೋದರು.

ಆದರೆ ಮುಗಿಸಿದ್ದು ನಾನು, ಅದೂ ತಪ್ಪು ಜಾಗದಲ್ಲಿ. ಮೂರು ತುಂಡು ಇಟ್ಟಾಗಲೇ ನಿಲ್ಲಬೇಕಿತ್ತು. ನಾನು ಆಸೆಗೆ ಬಿದ್ದು ಇನ್ನೂ ನಾಲ್ಕು ನಿಮಿಷ ಬಿಟ್ಟೆ, ಆಮೇಲೆ ಮಾತು ಅಲ್ಲಲ್ಲೇ ಸುತ್ತತೊಡಗಿತು. ನನ್ನ ಮೂರನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕೊಪ್ಪದ ಮೇಷ್ಟ್ರು:

ಸರ್, ಓದಿ ಕಣ್ಣು ತುಂಬಿತು. ನಮ್ಮಲ್ಲಿ ಅದನ್ನು ಅರ್ಥಧಾರಿ ತೀರ್ಮಾನ ಮಾಡುವುದಿಲ್ಲ, ಭಾಗವತರು ಮಾಡುತ್ತಾರೆ. ಮಾತು ಪೂರ್ತಿ ಹಣ್ಣಾಯಿತು ಅನ್ನಿಸಿದ ಕೂಡಲೇ ತಾಳ ಹಾಕಿ ಮುಂದಿನ ಪದ್ಯ ಎತ್ತುತ್ತಾರೆ, ಅರ್ಥಧಾರಿ ಎಷ್ಟು ದೊಡ್ಡವನಾದರೂ ನಿಲ್ಲಿಸಲೇಬೇಕು. ನೀವು ಆ ಕೆಲಸವನ್ನು ಮಕ್ಕಳಲ್ಲೇ ಒಬ್ಬರಿಗೆ ಕೊಡಿ, ವಾರಕ್ಕೊಬ್ಬರು. ಕಾಲು ಮಡಚಿಕೊಂಡ ಆ ಹುಡುಗಿಯಿಂದ ಶುರು ಮಾಡಿ. ಎಲ್ಲಿ ನಿಲ್ಲಿಸಬೇಕು ಅಂತ ಕಾಯುತ್ತಾ ಕೂತವರು ಆಡುವವರಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ.

ನೀವು ಹೂಂ ಅಂದರೆ ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಮದ್ದಳೆ ಬೇಡ, ಒಂದು ಜೊತೆ ತಾಳ ತರುತ್ತೇನೆ. ಅದನ್ನು ಅವಳ ಕೈಗೆ ಕೊಡೋಣ.